ಸ್ಲ್ಯಾಗ್ ತಣಿಯುವ ಆ ಕೆಲವು ಕ್ಷಣಗಳು

ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ತಯಾರಾಗುವಾಗ ಅದರ ಜೊತೆಗೆ ಸುಮಾರು 250ರಿಂದ 300 ಕಿಲೋಗ್ರಾಂ ಕಿಟ್ಟ, ಅಂದರೆ ಸ್ಲ್ಯಾಗ್, ಕರಗಿದ ರೂಪದಲ್ಲಿ ಹೊರಬರುತ್ತದೆ. ಉಕ್ಕಿನವರಿಗೆ ಅದು ಉಳಿಕೆ. ಸಿಮೆಂಟ್ ಕಾರ್ಖಾನೆಯ ಗುಣಮಟ್ಟ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಅದು ಸುಣ್ಣಕಲ್ಲಿನಷ್ಟೇ ಮುಖ್ಯವಾದ ಸರಕು. ಒಂದು ಕೈಗಾರಿಕೆಯ ತ್ಯಾಜ್ಯ ಇನ್ನೊಂದರ ಕಚ್ಚಾವಸ್ತುವಾಗುವ ವರ್ತುಲ ಆರ್ಥಿಕತೆಯ ನಿಜವಾದ ಕಷ್ಟ ಎಲ್ಲಿದೆ ಎಂಬುದು ನನಗೆ ಮನದಟ್ಟಾದದ್ದು ಒಂದು ಸ್ಲ್ಯಾಗ್ ಮಾದರಿಯನ್ನು ಪರೀಕ್ಷಿಸಿದ ದಿನ.

ಆ ಬೆಳಿಗ್ಗೆ ಬಂದ ಸರಕು ನೋಟಕ್ಕೇ ಬೇರೆಯಾಗಿತ್ತು. ನಮಗೆ ಎಂದೂ ಬರುತ್ತಿದ್ದುದು ನಸು ಹಳದಿ ಬಣ್ಣದ, ಒರಟು ಮರಳಿನಂಥ ಕಾಳು. ಇದರಲ್ಲಿ ಕಡು ಬೂದು ಬಣ್ಣದ ಗಟ್ಟಿ ಹೆಂಟೆಗಳು ಬೆರೆತಿದ್ದವು. ರಾಸಾಯನಿಕ ವಿಶ್ಲೇಷಣೆ ಮಾಡಿದಾಗ ಸುಣ್ಣ, ಸಿಲಿಕಾ, ಅಲ್ಯೂಮಿನಾ, ಮೆಗ್ನೀಷಿಯಾ ಎಲ್ಲವೂ ಎಂದಿನ ಪ್ರಮಾಣದಲ್ಲೇ ಇದ್ದವು. ಅಷ್ಟನ್ನೇ ನೋಡಿದ್ದರೆ ಸರಕನ್ನು ಒಪ್ಪಿಕೊಳ್ಳಬೇಕಾಗಿತ್ತು. ಆದರೆ ಎಕ್ಸ್-ಕಿರಣ ವಿವರ್ತನ ಪರೀಕ್ಷೆ ಬೇರೆಯದನ್ನೇ ತೋರಿಸಿತು. ಒಳ್ಳೆಯ ಸ್ಲ್ಯಾಗಿನ ನಕ್ಷೆಯಲ್ಲಿ ಅಗಲವಾದ ಒಂದು ದಿಬ್ಬ ಮಾತ್ರ ಕಾಣುತ್ತದೆ. ಪರಮಾಣುಗಳು ಗಾಜಿನಲ್ಲಿರುವಂತೆ ನಿಯತ ಕ್ರಮವಿಲ್ಲದೆ ಹರಡಿವೆ ಎಂಬುದರ ಗುರುತು ಅದು. ಈ ನಕ್ಷೆಯಲ್ಲಿ ದಿಬ್ಬದ ಮೇಲೆ ಮೆಲಿಲೈಟ್ ಹರಳುಗಳ ಚೂಪು ಶಿಖರಗಳು ಎದ್ದಿದ್ದವು. ಸೂಕ್ಷ್ಮದರ್ಶಕದಡಿ ಎಣಿಸಿದಾಗ ಗಾಜಿನಂಶ, ನಾವು ಬಯಸುವ ಶೇಕಡ 90ಕ್ಕಿಂತ ಬಹಳ ಕೆಳಗಿತ್ತು.

ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಿದುಬರುವ ಸ್ಲ್ಯಾಗಿನ ಮೇಲೆ ರಭಸದಿಂದ ನೀರು ಹಾಯಿಸಿದರೆ ಹರಳುಗಟ್ಟಲು ಸಮಯವೇ ಸಿಗದೆ ಅದು ಗಾಜಾಗಿ ಸಿಡಿದು ಕಾಳಾಗುತ್ತದೆ. ಆ ಗಾಜನ್ನು ನುಣ್ಣಗೆ ಅರೆದು ನೀರು ಮತ್ತು ಸ್ವಲ್ಪ ಸುಣ್ಣದೊಂದಿಗೆ ಕಲಸಿದರೆ ಅದು ಸಿಮೆಂಟಿನಂತೆಯೇ ಬಿಗಿಯುತ್ತದೆ. ಜರ್ಮನಿಯ ಎಮಿಲ್ ಲಾಂಗೆನ್ 1862ರಲ್ಲಿ ಕಂಡುಕೊಂಡದ್ದು ಇದನ್ನೇ. ಅದೇ ಸ್ಲ್ಯಾಗನ್ನು ಗುಂಡಿಯಲ್ಲಿ ನಿಧಾನವಾಗಿ ಆರಲು ಬಿಟ್ಟರೆ ಅದು ಬಹುಮಟ್ಟಿಗೆ ಜಡವಾದ ಕಲ್ಲು. ಎರಡರ ಸಂಯೋಜನೆಯೂ ಒಂದೇ. ವ್ಯತ್ಯಾಸವೆಲ್ಲ ತಣಿಯುವ ಆ ಕೆಲವು ಕ್ಷಣಗಳದ್ದು.

ಮಧ್ಯಾಹ್ನ ನಾನೂ ನಮ್ಮ ವಿಭಾಗದ ಹಿರಿಯರೊಬ್ಬರೂ ಸ್ಲ್ಯಾಗ್ ಕಳುಹಿಸಿದ ಉಕ್ಕಿನ ಕಾರ್ಖಾನೆಗೆ ಹೋದೆವು. ನೀರು ಚಿಮ್ಮುವ ಕೆಲವು ನಳಿಕೆಗಳು ಕಟ್ಟಿಕೊಂಡು ಒತ್ತಡ ಕುಗ್ಗಿತ್ತು. ಅದು ಯಾವಾಗಿನಿಂದ ಎಂದು ಕೇಳಿದಾಗ ಪಾಳಿಯ ಮೇಲ್ವಿಚಾರಕರು ನೇರವಾಗಿಯೇ ಹೇಳಿದರು: "ಸರ್, ಕಬ್ಬಿಣದ ವಿಷಯ ಕೇಳಿ, ಪ್ರತಿ ಸುರಿತದ ಲೆಕ್ಕವನ್ನೂ ಕೊಡುತ್ತೇನೆ. ಸ್ಲ್ಯಾಗಿನ ನೀರಿನ ಲೆಕ್ಕವನ್ನು ಇದುವರೆಗೆ ನಮ್ಮನ್ನು ಯಾರೂ ಕೇಳಿಲ್ಲ." ಅವರ ಮಾತಿನಲ್ಲಿ ಉಡಾಫೆ ಇರಲಿಲ್ಲ. ಸ್ಲ್ಯಾಗನ್ನು ಕುಲುಮೆಯಿಂದ ಬೇಗ ಹೊರಹಾಕುವುದಷ್ಟೇ ಅವರಿಗೆ ಒಪ್ಪಿಸಿದ್ದ ಕೆಲಸ, ಅದನ್ನು ಅವರು ಚೆನ್ನಾಗಿಯೇ ಮಾಡುತ್ತಿದ್ದರು. ತ್ಯಾಜ್ಯದ ಮರುಬಳಕೆಯ ಚರ್ಚೆಗಳಲ್ಲಿ ಅದನ್ನು ಕೊಳ್ಳುವವರ ಹೊಣೆಯ ಬಗ್ಗೆ ಬಹಳ ಮಾತಾಡುತ್ತೇವೆ. ಆದರೆ ಅದರ ಗುಣ ತೀರ್ಮಾನವಾಗುವುದು ಅದು ಹುಟ್ಟುವ ಜಾಗದಲ್ಲಿ ಎಂದು ನನಗೆ ಅಲ್ಲಿ ನಿಂತಾಗ ಖಚಿತವಾಯಿತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಂದ ಸಿಮೆಂಟಿಗೆ ಬರುವ ಹಾರುಬೂದಿಯದೂ ಇದೇ ಕಥೆ. ಬಾಯ್ಲರಿನಲ್ಲಿ ಕಲ್ಲಿದ್ದಲು ಪೂರ್ತಿ ಉರಿಯದಿದ್ದರೆ ಬೂದಿಯಲ್ಲಿ ಉಳಿದ ಇಂಗಾಲವು ಕಾಂಕ್ರೀಟಿನಲ್ಲಿ ಗಾಳಿಗುಳ್ಳೆಗಳನ್ನು ಮೂಡಿಸಲೆಂದು ಸೇರಿಸುವ ರಾಸಾಯನಿಕವನ್ನು ಹೀರಿಕೊಳ್ಳುತ್ತದೆ, ಅದನ್ನು ಸಿಮೆಂಟಿನವರು ಆಮೇಲೆ ಸರಿಪಡಿಸುವುದು ಸುಲಭವಲ್ಲ.

ಇದಕ್ಕಾಗಿ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿಯವರೆಗೆ ಕಾಯಿಸಿ ಕ್ಲಿಂಕರ್, ಅಂದರೆ ಅರೆದಾಗ ಸಿಮೆಂಟಾಗುವ ಗಟ್ಟಿ ಉಂಡೆಗಳನ್ನು, ಮಾಡುವಾಗ, ಇಂಧನದ ಹೊಗೆಯನ್ನು ಬಿಟ್ಟು ಕಲ್ಲಿನಿಂದಲೇ ಒಂದು ಟನ್ ಕ್ಲಿಂಕರಿಗೆ ಅರ್ಧ ಟನ್ನಿಗೂ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕುಲುಮೆಗೆ ಸೌರಶಕ್ತಿಯನ್ನೇ ಕೊಟ್ಟರೂ ಇದು ನಿಲ್ಲುವುದಿಲ್ಲ. ಸ್ಲ್ಯಾಗಿನಲ್ಲಿರುವ ಸುಣ್ಣವಾದರೋ ತನ್ನ ಡೈಆಕ್ಸೈಡನ್ನು ಊದುಕುಲುಮೆಯಲ್ಲೇ ಕಳೆದುಕೊಂಡು ಬಂದಿರುತ್ತದೆ. ನಾವು ಅದನ್ನು ಒಣಗಿಸಿ ಅರೆದರೆ ಸಾಕು. ಸ್ಲ್ಯಾಗ್ ಸಿಮೆಂಟ್ ಮೊದಲ ದಿನಗಳಲ್ಲಿ ನಿಧಾನವಾಗಿ ಬಲಗೊಳ್ಳುತ್ತದೆ ಎಂಬುದು ನಿಜ, ಆದರೆ ಉಪ್ಪುನೀರಿನ ಎದುರು ಅದರ ಬಾಳಿಕೆ ಹೆಚ್ಚು. ಗಾಜಿನಂಶ ಕಡಿಮೆಯಾದ ಕೂಡಲೇ ಬಲ ಕುಸಿಯುತ್ತದೆ, ಅದನ್ನು ತುಂಬಿಕೊಳ್ಳಲು ಕ್ಲಿಂಕರ್ ಪ್ರಮಾಣ ಏರಿಸಬೇಕಾಗುತ್ತದೆ. ಆಗ ಉಳಿಸಬೇಕೆಂದು ಹೊರಟದ್ದೇ ಕೈಬಿಟ್ಟುಹೋಗುತ್ತದೆ.

ಆ ರಾಶಿಯನ್ನು ನಾವು ಹಿಂದಿರುಗಿಸಿದೆವು. ಅದನ್ನು ಒಡೆದು ರಸ್ತೆಯ ತಳಪದರಕ್ಕೆ ಬಳಸಿದರೆಂದು ಆಮೇಲೆ ತಿಳಿಯಿತು; ಜಲ್ಲಿಯಾಗಿ ಅದರಲ್ಲಿ ದೋಷವೇನೂ ಇರಲಿಲ್ಲ. ಈಗ ಪ್ರತಿ ಸರಕಿನ ಜೊತೆ ನೀರಿನ ಒತ್ತಡ ಮತ್ತು ಹರಿವಿನ ದಾಖಲೆ ಬರುತ್ತದೆ, ಗಾಜಿನಂಶದ ಫಲಿತಾಂಶವನ್ನು ನಾವು ಅದೇ ಪಾಳಿಯವರಿಗೆ ತಿಳಿಸುತ್ತೇವೆ. ಅಂಶ ಚೂರು ಇಳಿದರೂ ಆ ಮೇಲ್ವಿಚಾರಕರು ನಮಗಿಂತ ಮೊದಲೇ ನಳಿಕೆಗಳನ್ನು ಬಿಚ್ಚಿಸಿ ನೋಡಿರುತ್ತಾರೆ.