ಈ ಕಡಲಿನಿಂದ ಆ ಕಡಲಿಗೆ, ಅಪ್ಪನ ಜೊತೆ

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ಉದ್ದಕ್ಕೂ ಸಾಗುವ ಒಂದನೇ ಹೆದ್ದಾರಿ ಪೂರ್ಣಗೊಂಡದ್ದು 1973ರಲ್ಲಿ. ಅದನ್ನು ಕಟ್ಟಿದವರ ಮನಸ್ಸಿನಲ್ಲಿ, ಒಳಗೇ ಅಡುಗೆ ಮಾಡಿ ಮಲಗಬಹುದಾದ ನಮ್ಮ ಆರ್‌ವಿಯಂಥ ದಪ್ಪ ಗಾಡಿ ಖಂಡಿತ ಇದ್ದಿರಲಾರದು. ಹಲವು ಕಡೆ ಬಿಳಿ ಗೆರೆ ಮುಗಿದಲ್ಲೇ ಡಾಂಬರೂ ಮುಗಿಯುತ್ತದೆ, ಆಚೆಗೆ ನೇರ ತಗ್ಗು. ಎದುರಿನಿಂದ ಲಾರಿ ಬಂದಾಗ ಎರಡು ಕನ್ನಡಿಗಳ ನಡುವೆ ಗೇಣಷ್ಟು ಜಾಗ ಉಳಿದರೆ ಪುಣ್ಯ.

ಪೆಸಿಫಿಕ್ ಬದಿಯ ಉಪ್ಪಿನ ಊರು ಗೆರೆರೊ ನೆಗ್ರೊದಿಂದ ಹೊರಟು, ಅಡ್ಡಲಾಗಿ ದಾಟಿ, ಪೂರ್ವದ ಕಾನ್ಸೆಪ್ಸಿಯೋನ್ ಕೊಲ್ಲಿಯನ್ನು ಸಂಜೆಯೊಳಗೆ ಮುಟ್ಟುವುದು ನಮ್ಮ ಯೋಜನೆ. ಸುಮಾರು 300 ಕಿ.ಮೀ. ಸ್ಟೀರಿಂಗ್ ಹಿಡಿದವರು ನನ್ನ ಗಂಡ. ಪಕ್ಕದ ಸೀಟಿನಲ್ಲಿ ಅಪ್ಪ. ಶಿರಾಡಿ ಘಾಟಿಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ಓಡಿಸಿ ನಿವೃತ್ತರಾದವರು. ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಹಾಗಾಗಿ ನಮ್ಮನ್ನು ನೋಡಲು ಸ್ಯಾನ್ ಡಿಯಾಗೋಗೆ ಬಂದವರನ್ನು ಇಲ್ಲಿಗೂ ಹೊರಡಿಸಿದ್ದೆವು. ಅಳಿಯನ ಡ್ರೈವಿಂಗ್ ಬಗ್ಗೆ ಬಾಯಿ ಬಿಡಬಾರದು ಎಂದು ಅವರಿಂದ ಮಾತು ತೆಗೆದುಕೊಂಡಿದ್ದೆ. ವಿಸ್ಕೈನೋ ಮರುಭೂಮಿಯ ನೆಟ್ಟನೆಯ ರಸ್ತೆಯಲ್ಲಿ ಅದು ಉಳಿಯಿತು.

ಅಲ್ಲಿ ಮುಂದಿನ ಲಾರಿಯೊಂದು ಎಡ ಇಂಡಿಕೇಟರ್ ಹಾಕಿಕೊಂಡೇ ಹೋಗುತ್ತಿತ್ತು. ತಿರುಗಲು ಎಡಕ್ಕೆ ಕತ್ತಾಳೆಯಂಥ ಗಿಡಗಳ ಬಯಲು ಬಿಟ್ಟು ಏನೂ ಇಲ್ಲ. "ಮುಂದೆ ಖಾಲಿ ಇದೆ, ಹೋಗಿ ಎನ್ನುತ್ತಿದ್ದಾನೆ" ಎಂದರು ಅಪ್ಪ, ಸ್ಪ್ಯಾನಿಷಿನ ಒಂದಕ್ಷರ ಬಾರದಿದ್ದರೂ. ನಿಜ. ಬಲಬದಿಯಲ್ಲಿ ಓಡಿಸುವ ಈ ದೇಶದಲ್ಲಿ ಹಿಂದಿನವರನ್ನು ಮುಂದೆ ಬಿಡುವ ಸನ್ನೆ ಅದು. ನಮ್ಮಲ್ಲಿ ಕ್ಲೀನರ್ ಕೈ ಬೀಸುವ ಕೆಲಸವನ್ನು ಇಲ್ಲಿ ದೀಪ ಮಾಡುತ್ತದೆ. ತೊಡಕೆಂದರೆ, ನಿಜವಾಗಿ ಎಡಕ್ಕೆ ತಿರುಗುವವನು ಹಾಕುವುದೂ ಅದೇ ದೀಪವನ್ನು. ಯಾವುದು ಯಾವುದೆಂದು ಹಿಂದಿನವನೇ ಊಹಿಸಿಕೊಳ್ಳಬೇಕು.

ಸೇನೆಯ ತಪಾಸಣೆ ಠಾಣೆಯಲ್ಲಿ ಹುಡುಗನಂಥ ಸೈನಿಕನೊಬ್ಬ ಒಳಹತ್ತಿ ಕಪಾಟುಗಳನ್ನು ತೆರೆದ. ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನು ಮೂಸಿ ನೋಡಿ, ಹುಬ್ಬೇರಿಸಿ, ಮುಚ್ಚಳ ಬಿಗಿಯಾಗಿ ಹಾಕಿಟ್ಟು ಇಳಿದುಹೋದ.

ಆಮೇಲೆ ಸಾನ್ ಇಗ್ನಾಸಿಯೋ. ಗಂಟೆಗಟ್ಟಲೆ ಕಳ್ಳಿ ನೋಡಿದ ಕಣ್ಣಿಗೆ ಒಮ್ಮೆಲೇ ಖರ್ಜೂರದ ತೋಪು, ಕೆರೆಯಂತೆ ನಿಂತ ನೀರು. ಜೆಸ್ಯೂಟ್ ಪಾದ್ರಿಗಳು 1728ರಲ್ಲಿ ಇಲ್ಲಿ ಮಿಷನ್ ಆರಂಭಿಸಿದರು; ಈಗಿರುವ ಲಾವಾ ಕಲ್ಲಿನ ಚರ್ಚು ಮುಗಿದದ್ದು 1786ರಲ್ಲಿ, ಡೊಮಿನಿಕನ್ ಪಂಗಡದ ಪಾದ್ರಿಗಳ ಕಾಲಕ್ಕೆ. ಎದುರಿನ ಚೌಕದಲ್ಲಿ ನೆರಳು ಕೊಡುವ ದೊಡ್ಡ ಮರಗಳು ಆಲದ ಜಾತಿಗೆ ಸೇರಿದವು. ಅವುಗಳ ಕೆಳಗೆ ಬೆಂಚಿನ ಮೇಲೆ ಕೂತು ಮೊಸರನ್ನ ತಿಂದೆವು. ನನಗೆ ಅಲ್ಲೇ ಉಳಿಯುವ ಮನಸ್ಸಿತ್ತು. ಅಪ್ಪ ಮಾತ್ರ ಗಡಿಯಾರ ನೋಡುತ್ತಿದ್ದರು. ಬೀದಿದೀಪವೂ ಬೇಲಿಯೂ ಇಲ್ಲದ, ದನಗಳು ಅಡ್ಡ ಬರುವ ಈ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಿಸಬಾರದೆಂಬುದು ಅವರಿಗೆ ಮೊದಲೇ ಗೊತ್ತಾಗಿತ್ತು.

ತ್ರೆಸ್ ವಿರ್ಹೆನೆಸ್ ಜ್ವಾಲಾಮುಖಿಗಳನ್ನು ದಾಟಿದ ಮೇಲೆ ನರಕದ ಇಳಿಜಾರು ಎಂಬ ಹೆಸರೇ ಇರುವ ಕಡಿದಾದ ಘಾಟಿ. ಕೊಟ್ಟ ಮಾತು ಅಲ್ಲಿ ಮುರಿಯಿತು. "ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ, ಗೇರಿನಲ್ಲಿ ಇಳಿಸಿ" ಎಂದರು. ನನ್ನ ಗಂಡ ಮರುಮಾತಾಡದೆ ಗೇರ್ ಇಳಿಸಿದರು. ಎಂಜಿನ್ ಗುರುಗುಟ್ಟಿತು, ನನ್ನ ಹಿಂದಿನ ಪಾತ್ರೆಗಳೆಲ್ಲ ಒಟ್ಟಾಗಿ ಮುಂದೆ ಸರಿದವು. ತಿರುವಿನ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿ ನೀಲಿಯಾಗಿ ಕಂಡಾಗ ನೋಡುವ ಸ್ಥಿತಿಯಲ್ಲಿದ್ದವಳು ನಾನೊಬ್ಬಳೇ.

ಕೆಳಗೆ ಸಾಂತಾ ರೊಸಾಲಿಯಾ, ಫ್ರೆಂಚ್ ಕಂಪನಿಯೊಂದು ತಾಮ್ರದ ಗಣಿಗಾಗಿ ಕಟ್ಟಿಸಿದ ಊರು. ಅಲ್ಲಿನ ಕಬ್ಬಿಣದ ಚರ್ಚು ಐಫೆಲ್ ಗೋಪುರದ ಐಫೆಲ್ ಅವರ ವಿನ್ಯಾಸವೆಂಬ ಪ್ರತೀತಿ ಇದೆ. ಬ್ರೆಡ್ ಕೊಂಡು, ಡೀಸೆಲ್ ತುಂಬಿಸಿ ಹೊರಟೆವು. ಮುಲೆಹೆಯ ಬೀದಿಗಳು ನಮ್ಮ ಗಾಡಿಗೆ ತೀರಾ ಕಿರಿದು, ಊರೊಳಗೆ ಇಳಿಯಲೇ ಇಲ್ಲ.

ಅಲ್ಲಿಂದ ಮುಂದೆ ರಸ್ತೆಯ ಎಡಕ್ಕೆ ಕಾನ್ಸೆಪ್ಸಿಯೋನ್ ಕೊಲ್ಲಿ. ನಾವು ತಂಗಬೇಕಿದ್ದ ಸಾಂತಿಸ್ಪಾಕ್ ಕಡಲತೀರವೂ ಎಡಕ್ಕೇ. ಹಿಂದೆ ಎರಡು ಲಾರಿಗಳು ಅಂಟಿಕೊಂಡು ಬರುತ್ತಿದ್ದವು. ತಿರುಗುತ್ತೇವೆಂದು ಎಡ ದೀಪ ಹಾಕಿದರೆ, ಮುಂದೆ ಹೋಗು ಎಂದು ಅವರನ್ನು ಕರೆದಂತೆ. ನಾವು ತಿರುಗುವ ಹೊತ್ತಿಗೆ ಅವರು ನಮ್ಮ ಎಡಗಡೆಯಲ್ಲೇ ಇರುತ್ತಾರೆ. ಬೆಳಗ್ಗೆಯಿಂದ ಕಂಡ ಸನ್ನೆಯ ಇನ್ನೊಂದು ಮುಖ ಇದು.

"ಬಲಕ್ಕೆ ಹಾಕಿ" ಎಂದರು ಅಪ್ಪ. ನನ್ನ ಗಂಡನ ಕೈ ಆಗಲೇ ಬಲ ಇಂಡಿಕೇಟರ್ ಹಾಕಿತ್ತು. ಬಲಬದಿಯಲ್ಲಿ ಸ್ವಲ್ಪ ಅಗಲವಾದ ಮಣ್ಣಿನ ಜಾಗ ಸಿಕ್ಕಿತು, ಅಲ್ಲಿ ನಿಂತೆವು. ಲಾರಿಗಳು ಹಾರನ್ ಹೊಡೆದು ದಾಟಿದವು. ಎರಡೂ ಕಡೆ ಖಾಲಿಯಾದ ಮೇಲೆ ರಸ್ತೆಯನ್ನು ಅಡ್ಡಲಾಗಿ ದಾಟಿ, ಮಣ್ಣಿನ ಹಾದಿ ಹಿಡಿದು ಮರಳಿಗೆ ಇಳಿದೆವು.

ನಾನು ಚಪ್ಪಲಿ ಬಿಚ್ಚಿ ನೀರಿನತ್ತ ಓಡಿದರೆ, ಅಪ್ಪ ಒಂದೊಂದೇ ಚಕ್ರದ ಬಳಿ ಬಗ್ಗಿ ಬಿಸಿ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಅಳಿಯನಿಗೆ, "ವಾಪಸ್ ಹೋಗುವಾಗ ಆ ಘಾಟಿ ಹತ್ತಬೇಕಲ್ಲ, ಇದರಲ್ಲಿ ಕೂಲೆಂಟ್ ಎಷ್ಟಿದೆ?" ಎಂದು ಕೇಳಿ, ತಾವೇ ಬಾನೆಟ್ ಎತ್ತಲು ಹೋದರು.