ಜಿನಾಲ್‌ನ ಹಿಮದಲ್ಲಿ ನನ್ನ ಬೂಟಿನ ತುದಿ

ಸ್ವಿಟ್ಜರ್ಲೆಂಡಿನ ಸಿಯೆರ್ ಊರಿನಿಂದ ಹೊರಟ ಹಳದಿ ಪೋಸ್ಟ್ ಬಸ್ಸು ಪ್ರತಿ ಕುರುಡು ತಿರುವಿನಲ್ಲೂ ಮೂರು ಸ್ವರದ ಹಾರನ್ ಬಾರಿಸುತ್ತಿತ್ತು. ಕಿಟಕಿಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ತಳ ಕಾಣದ ಕಣಿವೆ. ಪಕ್ಕದಲ್ಲಿ ಕೂತಿದ್ದ ಗೆಳೆಯ ಪುತ್ತೂರಿನವನು. "ಇದು ನಮ್ಮ ಚಾರ್ಮಾಡಿಯೇ ಮಾರಾಯ, ಮಂಗಗಳು ಮಾತ್ರ ಇಲ್ಲ" ಅಂದ. ಕೆಳಗೆ ಸಿಯೆರ್ ಸುಮಾರು 530 ಮೀಟರ್ ಎತ್ತರದಲ್ಲಿದೆ, ದ್ರಾಕ್ಷಿ ತೋಟಗಳ ಊರು. ನಾವು ಹೋಗಬೇಕಿದ್ದ ಜಿನಾಲ್ 1675 ಮೀಟರ್. ನಡುವೆ ವಿಸ್ವಾ ಎಂಬ ಊರಿನಲ್ಲಿ ಬಸ್ಸು ಬದಲಿಸುವಾಗ ನನ್ನ ಸ್ನೋಬೋರ್ಡ್, ಅಂದರೆ ಎರಡೂ ಪಾದ ಕಟ್ಟಿಕೊಂಡು ಅಡ್ಡ ನಿಂತು ಹಿಮದಲ್ಲಿ ಜಾರುವ ಹಲಗೆ, ಇದ್ದ ಚೀಲ ಒಬ್ಬ ಅಜ್ಜಿಯ ಮೊಣಕಾಲಿಗೆ ತಾಗಿತು. ಕ್ಷಮೆ ಕೇಳುವಷ್ಟು ಫ್ರೆಂಚ್ ಮಾತ್ರ ನನಗೆ ಬರುತ್ತಿತ್ತು. ಪುಣ್ಯಕ್ಕೆ ಅಷ್ಟೇ ಸಾಕಾಯಿತು.

ನಾವಿಬ್ಬರೂ ಜೂರಿಕ್‌ನಲ್ಲಿ ಕೆಲಸ ಮಾಡುವವರು. ಅಲ್ಲಿಂದ ಒಂದೆರಡು ಗಂಟೆಯಲ್ಲಿ ಮುಟ್ಟಬಹುದಾದ ಹಿಮದ ಜಾರುದಾರಿಗಳು ಬೇಕಾದಷ್ಟಿವೆ. ಅಷ್ಟು ಬಿಟ್ಟು ಸ್ವಿಟ್ಜರ್ಲೆಂಡಿನ ಇನ್ನೊಂದು ಮೂಲೆಗೆ, ವಾಲೆ ರಾಜ್ಯದ ಈ ಕಣಿವೆಗೆ ಬಂದದ್ದಕ್ಕೆ ಒಂದು ವಿಡಿಯೋ ಕಾರಣ. ಅದರಲ್ಲಿ ಒಬ್ಬ ಮನುಷ್ಯ ಬೋರ್ಡಿನ ಮೇಲೆ ನಿಂತು ಇಳಿಯುತ್ತಾನೆ. ತಿರುವು ಬಂದಾಗ ನಿಲ್ಲುವುದನ್ನೇ ಬಿಟ್ಟು ಹಿಮದ ಮೇಲೆ ಮಲಗುತ್ತಾನೆ. ಎದೆ, ಹೊಟ್ಟೆ, ತೋಳು ಎಲ್ಲ ನೆಲ ಸವರುತ್ತವೆ. ಬೋರ್ಡ್ ಮಾತ್ರ ಅಂಚಿನ ಮೇಲೆ ನಿಂತು ಅವನನ್ನು ಸುತ್ತು ಹಾಕಿಸಿ ಮತ್ತೆ ಎಬ್ಬಿಸುತ್ತದೆ. ಆಮೇಲೆ ಬೆನ್ನಿನ ಕಡೆಗೂ ಅದೇ. ಇದಕ್ಕೆ 'ಎಕ್ಸ್‌ಟ್ರೀಮ್ ಕಾರ್ವಿಂಗ್' ಎಂಬ ಹೆಸರು ಕೊಟ್ಟು ಜಗತ್ತಿಗೆ ತೋರಿಸಿದವರು ಜಾಕ್ ರಿಲಿಯೆ ಮತ್ತು ಪ್ಯಾಟ್ರಿಸ್ ಫಿವಾ ಎಂಬ ಇಬ್ಬರು ಸ್ವಿಸ್ ಗೆಳೆಯರು. ಅವರ ಮನೆಯಂಗಳ ಈ ಜಿನಾಲ್. ಬೇಕಾದ ಬೋರ್ಡ್ ಅಂಗಡಿಯಲ್ಲಿ ಸಿಗದೆ ಕೊನೆಗೆ 'ಸ್ವೋರ್ಡ್' ಎಂಬ ಹೆಸರಿನಲ್ಲಿ ತಮ್ಮದೇ ಬೋರ್ಡ್ ಮಾಡಿಸಿದರು.

ಕಾರ್ವಿಂಗ್ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಲು ನನ್ನ ಬಳಿ ಅಡಿಕೆ ಹಾಳೆ ಇದೆ. ಚಿಕ್ಕವರಿದ್ದಾಗ ಹಾಳೆಯ ಮೇಲೆ ಕೂತು ದಿಬ್ಬದಿಂದ ಜಾರುತ್ತಿದ್ದೆವಲ್ಲ, ಅದು ಎತ್ತ ಹೋಗುತ್ತದೆ ಅಂತ ಹಾಳೆಗೂ ಗೊತ್ತಿರುವುದಿಲ್ಲ, ಕೂತವನಿಗೂ ಗೊತ್ತಿರುವುದಿಲ್ಲ. ಹೊಸಬರ ಸ್ನೋಬೋರ್ಡಿಂಗ್ ಹೆಚ್ಚುಕಡಿಮೆ ಹಾಗೆಯೇ. ಬೋರ್ಡನ್ನು ಅಡ್ಡ ತಿರುಗಿಸಿ, ಹಿಮವನ್ನು ಕೆರೆದು, ವೇಗ ಕೊಂದು ಇಳಿಯುವುದು. ಹಿಂದೆ ಉಳಿಯುವ ಗುರುತು ಪೊರಕೆಯಿಂದ ಗುಡಿಸಿದಷ್ಟು ಅಗಲ. ಕಾರ್ವಿಂಗ್‌ನಲ್ಲಿ ಬೋರ್ಡ್ ಅಡ್ಡ ಜಾರುವುದೇ ಇಲ್ಲ. ಉಕ್ಕಿನ ಅಂಚು ಹಿಮದೊಳಗೆ ಇಳಿದು ತನ್ನದೇ ಚರಂಡಿ ಕೊರೆದುಕೊಂಡು ಓಡುತ್ತದೆ. ಹಿಂದೆ ಉಳಿಯುವುದು ಒಂದು ತೆಳುವಾದ ಗೀರು.

ಬೋರ್ಡ್ ತಾನಾಗಿ ತಿರುಗುವುದು ಅದರ ಆಕಾರದಿಂದ. ಮೇಲಿನಿಂದ ನೋಡಿದರೆ ಅದಕ್ಕೆ ಡಮರುವಿನ ಹಾಗೆ ಸಣ್ಣ ಸೊಂಟ ಇರುತ್ತದೆ. ಆ ಪಕ್ಕದ ಬಾಗನ್ನು ಹಾಗೇ ಮುಂದುವರಿಸಿದರೆ ಒಂದು ದೊಡ್ಡ ವೃತ್ತ ಆಗುತ್ತದೆ. ನನ್ನ ಬೋರ್ಡಿನಲ್ಲಿ ಆ ವೃತ್ತದ ತ್ರಿಜ್ಯ 8 ಮೀಟರ್. ದೊಡ್ಡ ರೇಸುಗಳ ಬೋರ್ಡಿನಲ್ಲಿ 20 ಮೀಟರ್ ದಾಟುವುದೂ ಉಂಟು. ಬೋರ್ಡನ್ನು ಓರೆ ಮಾಡಿದಷ್ಟೂ ತಿರುವು ಚಿಕ್ಕದಾಗುತ್ತದೆ. 60 ಡಿಗ್ರಿ ಓರೆ ಮಾಡಿದರೆ ಲೆಕ್ಕದ ಪ್ರಕಾರ ಅರ್ಧಕ್ಕೆ ಇಳಿಯುತ್ತದೆ, ಅಂದರೆ 4 ಮೀಟರ್. ಈ ಓರೆಯೇ ನನ್ನ ಕಷ್ಟದ ಬುಡ. ಅದು ಗೊತ್ತಾಗಲು ಜಿನಾಲ್‌ವರೆಗೆ ಬರಬೇಕಾಯಿತು.

ಮೊದಲ ದಿನ ಬೆಳಿಗ್ಗೆ ಮೊದಲ ಕೇಬಲ್ ಕಾರ್ ಹಿಡಿದು ಸೊರೆಬ್ವಾಕ್ಕೆ ಏರಿದೆವು. ಅದು 2438 ಮೀಟರ್. ಬಾಗಿಲು ತೆರೆದು ಹೊರಗೆ ಬಂದರೆ ಎದುರಿಗೆ 4506 ಮೀಟರಿನ ವೈಸ್‌ಹಾರ್ನ್. ನಾನು ಸುಮ್ನೆ ನಿಂತುಬಿಟ್ಟೆ. ಅದರ ಬಲಕ್ಕೆ ಜಿನಾಲ್‌ರೋಟ್‌ಹಾರ್ನ್, ಇನ್ನೂ ಆಚೆ ದಾಂ ಬ್ಲಾಂಶ್. ಎಲ್ಲವೂ 4000 ಮೀಟರ್ ದಾಟಿದವು. ಗೆಳೆಯ ಫೋಟೋ ತೆಗೆಯುತ್ತಲೇ ಇದ್ದ. ನಾನು ಕೆಳಗೆ ನೋಡಿದೆ. ರಾತ್ರಿಯೆಲ್ಲ ಯಂತ್ರ ಓಡಾಡಿ ಹಿಮವನ್ನು ಹದ ಮಾಡಿತ್ತು. ಉತ್ತು ಬಿಟ್ಟ ಗದ್ದೆಯ ಸಾಲಿನ ಹಾಗೆ, ಆದರೆ ಒಂದೊಂದು ಸಾಲೂ ಬೆರಳಿನಷ್ಟೇ ಅಗಲ. ಕಾರ್ವಿಂಗ್ ಮಾಡುವವರಿಗೆ ಬೇಕಾದ್ದು ಇದೇ. ಹೊಸದಾಗಿ ಬಿದ್ದ ಮೆತ್ತನೆ ಹಿಮಕ್ಕೆ ಎಲ್ಲರೂ ಬಾಯಿ ಬಿಡುವಾಗ ಇವರು ಮಾತ್ರ ಈ ಗಟ್ಟಿ ಸಾಲುಗಳಿಗಾಗಿ ಏಳು ಗಂಟೆಗೇ ಏಳುತ್ತಾರೆ. ಹತ್ತೂವರೆ ಆದರೆ ಜನ ತುಳಿದು ಎಲ್ಲ ಹಾಳು.

ನೀಲಿ ಗುರುತಿನ ಸುಲಭದ ದಾರಿಯಲ್ಲಿ ಶುರು ಮಾಡಿದೆ. ಕಾಲ್ಬೆರಳ ಕಡೆಯ ತಿರುವಿನಲ್ಲಿ ಮೊಣಕಾಲು ಬಗ್ಗಿಸಿ ಸೊಂಟವನ್ನು ಹಿಮದ ಕಡೆಗೆ ತಳ್ಳಿದೆ. ಗೀರು ಚೆನ್ನಾಗಿ ಬಿತ್ತು. ಇನ್ನೂ ಸ್ವಲ್ಪ ಓರೆ ಮಾಡಿದೆ. ಯಾರೋ ಕೆಳಗಿನಿಂದ ಬೋರ್ಡ್ ಎಳೆದ ಹಾಗಾಯಿತು. ಮುಖ ಅಡಿಯಾಗಿ ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ಹಿಮ್ಮಡಿ ಕಡೆಯ ಕಥೆ ಬೇರೆ. ಅಲ್ಲಿ ಬೋರ್ಡ್ ಡಡಡಡ ಅಂತ ನಡುಗಿ, ಆಮೇಲೆ ಕುಂಡೆ ನೆಲಕ್ಕೆ. ಎರಡು ವರ್ಷದಿಂದ ಹೀಗೇ ಬೀಳುತ್ತಿದ್ದೆ. ನನಗೆ ಧೈರ್ಯ ಸಾಲದು, ಕಾಲಲ್ಲಿ ಬಲ ಇಲ್ಲ, ವಯಸ್ಸಾಯಿತು ಅಂತ ಏನೇನೋ ಅಂದುಕೊಂಡಿದ್ದೆ.

ಹನ್ನೊಂದರ ಹೊತ್ತಿಗೆ ದಾರಿಯ ಅಂಚಿನಲ್ಲಿ ಕೂತು ಡಬ್ಬಿ ತೆಗೆದೆವು. ಚಿತ್ರಾನ್ನ. ಮೈನಸ್ 6 ಡಿಗ್ರಿಯಲ್ಲಿ ಚಿತ್ರಾನ್ನದ ಕಡಲೆಬೀಜಕ್ಕೆ ಬೇರೆಯೇ ರುಚಿ ಬರುತ್ತದೆ, ಇದು ನನ್ನ ಸ್ವಂತ ಸಂಶೋಧನೆ. ಆಗ ಮೇಲಿನಿಂದ ಒಬ್ಬರು ಬಂದರು. ಉದ್ದ, ತೆಳ್ಳನೆ ಬೋರ್ಡ್. ಸ್ಕೀ ಮಾಡುವವರು ಹಾಕುವಂಥ ಗಟ್ಟಿ ಪ್ಲಾಸ್ಟಿಕ್ ಬೂಟು. ಎರಡೂ ಪಾದ ಮುಂದಕ್ಕೆ ಮುಖ ಮಾಡಿವೆ. ಎರಡು ತಿರುವು ಮಲಗಿಕೊಂಡೇ ಹಾಕಿದರು. ತಿರುವಿನ ಕೊನೆಯಲ್ಲಿ ಬೋರ್ಡ್ ಬೆಟ್ಟದ ಮೇಲ್ಮುಖವಾಗಿ ಹತ್ತಿತು! ಹಾಗೆ ಹತ್ತುವ ಮೊದಲು ಅವರು ತಲೆ ತಿರುಗಿಸಿ ಮೇಲೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡಿದ್ದನ್ನು ಗಮನಿಸಿದೆ. ಹಿಂದೆ ಬರುವವನು ಮುಂದಿರುವವನನ್ನು ಕಾಪಾಡಬೇಕು ಎಂಬುದು ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ನಿಯಮ. ಆದರೆ ಬೆಟ್ಟದ ಮೇಲ್ಮುಖವಾಗಿ ತಿರುಗುವವನು ತಾನೇ ನೋಡಿಕೊಳ್ಳಬೇಕು ಎಂಬುದೂ ಅದೇ ಪಟ್ಟಿಯಲ್ಲಿದೆ. ಕಾರ್ವಿಂಗ್ ಕಲಿಯುವವರು ಇದನ್ನು ಮರೆತರೆ ಆಸ್ಪತ್ರೆಯೇ ಗತಿ.

ಅವರು ನಮ್ಮ ಹತ್ತಿರ ನಿಂತು ಹೆಲ್ಮೆಟ್ ತೆಗೆದರು. ಎಪ್ಪತ್ತರ ಆಸುಪಾಸಿನ ಅಜ್ಜ! ನಾನು ಬೀಳುವುದನ್ನು ಲಿಫ್ಟಿನಿಂದ ನೋಡಿದ್ದರಂತೆ. ಅರ್ಧ ಫ್ರೆಂಚ್, ಅರ್ಧ ಕೈಸನ್ನೆ. ಬೂಟು ಕಟ್ಟಿಕೊಂಡೇ ನಿಲ್ಲಲು ಹೇಳಿ, ಗೆಳೆಯನಿಗೆ ನನ್ನ ತೋಳು ಹಿಡಿದುಕೊಳ್ಳಲು ಸನ್ನೆ ಮಾಡಿದರು. ನಿಧಾನಕ್ಕೆ ಮುಂದಕ್ಕೆ ವಾಲಿಸಿದರು. ಬೋರ್ಡ್ ಓರೆಯಾಯಿತು, ಇನ್ನಷ್ಟು ಓರೆಯಾಯಿತು, ಆಮೇಲೆ ಅಂಚು ಹಿಮದಿಂದ ಮೇಲೆದ್ದಿತು. ಅವರು ಬೆರಳಿನಿಂದ ನನ್ನ ಬೂಟಿನ ತುದಿ ತೋರಿಸಿದರು. ಅದು ಹಿಮಕ್ಕೆ ತಾಗಿತ್ತು. ಬೂಟು ನೆಲಕ್ಕೆ ಮೊಳೆಯಂತೆ ಊರಿಕೊಂಡ ಮೇಲೆ ಅಂಚು ಹೇಗೆ ಕೊರೆಯುತ್ತದೆ? ಅಜ್ಜ ನಕ್ಕು, ನನ್ನ ಭುಜ ತಟ್ಟಿ, ಹೊರಟೇಹೋದರು.

ಎರಡು ವರ್ಷ ಬಿದ್ದದ್ದಕ್ಕೆ ಕಾರಣ ಎರಡು ಚಿಲ್ಲರೆ ಸೆಂಟಿಮೀಟರ್.

ಆ ಸಂಜೆ ಬಾಡಿಗೆ ಕೋಣೆಯ ನೆಲದಲ್ಲಿ ಟೇಪು ಹಿಡಿದು ಕೂತೆವು. ನನ್ನ ಪಾದ 29 ಸೆಂಟಿಮೀಟರ್. ಬೂಟಿನ ಹೊರ ಅಳತೆ 31.5. ಬೋರ್ಡಿನ ಸೊಂಟ 25, ಪಾದ ಇಡುವ ಜಾಗದಲ್ಲಿ ಸುಮಾರು 26. ಬಾತುಕೋಳಿಯ ಹಾಗೆ ಎರಡೂ ಪಾದವನ್ನು 15 ಡಿಗ್ರಿ ಹೊರಕ್ಕೆ ತಿರುಗಿಸಿ ನಿಲ್ಲುತ್ತಿದ್ದೆ. ಹಾಗಾಗಿ ಎರಡೂ ಕಡೆ ಬೂಟು ಎರಡು ಸೆಂಟಿಮೀಟರಿಗಿಂತ ಜಾಸ್ತಿ ಹೊರಗೆ ಚಾಚಿತ್ತು. ಬೂಟಿನ ಅಡಿ ಹಿಮದಿಂದ ಮೂರು ಸೆಂಟಿಮೀಟರ್ ಮೇಲೆ ಅಂತ ಹಿಡಿದರೆ, 50 ಡಿಗ್ರಿ ದಾಟುತ್ತಲೇ ತಾಗಲೇಬೇಕು. ಮಗ್ಗಿ ಬರುವ ಯಾರಾದರೂ ಅಂಗಡಿಯಲ್ಲೇ ಹೇಳಬಹುದಿತ್ತು. ಜೂರಿಕ್‌ನಲ್ಲಿ ನನಗೆ ಆ ಬೋರ್ಡ್ ಮಾರಿದ ಹುಡುಗ ಎತ್ತರ ಕೇಳಿದ್ದ, ಬಣ್ಣ ಯಾವುದು ಇಷ್ಟ ಅಂತ ಕೇಳಿದ್ದ. ಪಾದ ಕೇಳಲಿಲ್ಲ. ನಾನೂ ಹೇಳಲಿಲ್ಲ ಅನ್ನಿ.

"ಬೂಟು ಕೊಳ್ಳುವಾಗಲೂ ನೀನು ಹೀಗೇ ಮಾಡಿದ್ದು" ಎಂದು ಗೆಳೆಯ ಹಳೆಯದು ಕೆದಕಿದ. ಹೌದು. ಮೊದಲ ಸಲ ಚಳಿಯ ಹೆದರಿಕೆಗೆ ಒಂದು ನಂಬರ್ ದೊಡ್ಡ ಬೂಟು ಕೊಂಡು ಎರಡು ಜೊತೆ ಕಾಲುಚೀಲ ಹಾಕಿದ್ದೆ. ಒಳಗೆ ಹಿಮ್ಮಡಿ ಎದ್ದು ಎದ್ದು ಕೂರುತ್ತಿತ್ತು. ಹಿಮ್ಮಡಿ ಎದ್ದರೆ ನಾನು ಹೇಳಿದ್ದು ಬೋರ್ಡಿಗೆ ತಡವಾಗಿ ತಲುಪುತ್ತದೆ. ಕಾಲ್ಬೆರಳು ಬೂಟಿನ ತುದಿಗೆ ಹಗುರಾಗಿ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಒಂದೇ ತೆಳು ಉಣ್ಣೆ ಕಾಲುಚೀಲ ಸಾಕು. ದುಡ್ಡು ಕಡಿಮೆ ಇದ್ದರೆ ಬೋರ್ಡಿನಲ್ಲಿ ಉಳಿಸಿ ಬೂಟಿಗೆ ಹಾಕಿ ಅಂತ ನಾನು ಈಗ ಕೇಳದವರಿಗೂ ಹೇಳುತ್ತೇನೆ.

ಮರುದಿನ ಹಳ್ಳಿಯ ಬಾಡಿಗೆ ಅಂಗಡಿಗೆ ಹೋದೆ. ಗಟ್ಟಿ ಬೂಟಿನ ಸಾಮಾನು ಇರಲಿಲ್ಲ. ಹೆಚ್ಚಿನ ಅಂಗಡಿಗಳಲ್ಲಿ ಇರುವುದಿಲ್ಲ. ಒಂದು ಕಾಲದಲ್ಲಿ ಯುರೋಪಿನ ಬೆಟ್ಟಗಳಲ್ಲಿ ಎಲ್ಲೆಲ್ಲೂ ಅದೇ ಇತ್ತಂತೆ. ಆಮೇಲೆ ಹುಡುಗರೆಲ್ಲ ಹಾರುವ, ಪಲ್ಟಿ ಹೊಡೆಯುವ ಕಡೆ ಹೋದರು, ಮೆತ್ತನೆ ಬೂಟು ಗೆದ್ದಿತು. ಗಟ್ಟಿ ಬೂಟು ಒಲಿಂಪಿಕ್ಸಿನ ಪ್ಯಾರಲಲ್ ಜೈಂಟ್ ಸ್ಲಾಲಮ್‌ನಲ್ಲಿ (ಇಬ್ಬರು ಅಕ್ಕಪಕ್ಕದ ದಾರಿಯಲ್ಲಿ ಒಟ್ಟಿಗೆ ಇಳಿಯುವ ಸ್ನೋಬೋರ್ಡ್ ರೇಸು) ಮತ್ತು ಇಂಥ ಅಜ್ಜಂದಿರ ಕಾಲಲ್ಲಿ ಉಳಿದಿದೆ. 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಆ ಸ್ಪರ್ಧೆಯ ಚಿನ್ನ ಸ್ವಿಟ್ಜರ್ಲೆಂಡಿನ ನೆವಿನ್ ಗಾಲ್ಮರಿನಿಗೆ ಬಂತು. ಮಹಿಳೆಯರಲ್ಲಿ ಗೆದ್ದ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಅದೇ ಕೂಟದಲ್ಲಿ ಸ್ಕೀಯ ಸೂಪರ್-ಜಿ ಚಿನ್ನವನ್ನೂ ಹೊಡೆದಿದ್ದರು. ನಮ್ಮ ಆಫೀಸಿನಲ್ಲಿ ವಾರವಿಡೀ ಅದೇ ಮಾತು.

ಅಂಗಡಿಯವಳಿಗೆ ಬೂಟಿನ ತುದಿಯ ಕಥೆ ಹೇಳಿದೆ. ಅವಳು ಒಳಗಿನಿಂದ 159 ಸೆಂಟಿಮೀಟರಿನ ಅಗಲ ಬೋರ್ಡ್ ತಂದಳು, ಸೊಂಟ 26.5. ಎತ್ತರ ಕೇಳಲಿಲ್ಲ, ತೂಕ ಕೇಳಿದಳು: 78 ಕಿಲೋ. ಬೋರ್ಡ್ ಎಷ್ಟು ಬಾಗಬೇಕು ಅಂತ ತೀರ್ಮಾನಿಸುವುದು ತೂಕ, ಎತ್ತರ ಅಲ್ಲ. ಬೋರ್ಡನ್ನು ನೆಲದ ಮೇಲೆ ಇಟ್ಟಾಗ ನಡು ಸ್ವಲ್ಪ ಮೇಲೆದ್ದಿತ್ತು, ಒತ್ತಿದರೆ ಸ್ಪ್ರಿಂಗಿನ ಹಾಗೆ ತಳ್ಳುತ್ತಿತ್ತು. ಇದು ಕ್ಯಾಂಬರ್. ತಿರುವಿನಲ್ಲಿ ಅಂಚು ತುದಿಯಿಂದ ತುದಿವರೆಗೂ ಹಿಮವನ್ನು ಒತ್ತಿ ಹಿಡಿಯುವುದು ಇದರಿಂದ. ತುದಿಗಳು ಮೇಲೆದ್ದಿರುವ ರಾಕರ್ ಬೋರ್ಡ್ ಮೆತ್ತನೆ ಹಿಮದಲ್ಲಿ ಚೆನ್ನ, ಗಟ್ಟಿ ಹಿಮದಲ್ಲಿ ಅರ್ಧ ಅಂಚು ಗಾಳಿಯಲ್ಲಿರುತ್ತದೆ. ಪಾದದ ಕೋನವನ್ನೂ ಬದಲಿಸಿದೆವು. ಬಾತುಕೋಳಿ ಹೋಯಿತು. ಎರಡೂ ಮುಂದಕ್ಕೆ: ಮುಂದಿನದು 30, ಹಿಂದಿನದು 12. ಪಾದ ಮುಂದಕ್ಕೆ ತಿರುಗಿದಷ್ಟೂ ಹೊರಗೆ ಚಾಚುವ ತುದಿ ಕಡಿಮೆ. ಗಟ್ಟಿ ಬೂಟಿನವರು 50-60 ಡಿಗ್ರಿಯಲ್ಲಿ ನಿಲ್ಲುತ್ತಾರೆ, ಅದಕ್ಕೇ ಅವರ ಬೋರ್ಡ್ ಅಷ್ಟು ತೆಳ್ಳಗಿದ್ದರೂ ನಡೆಯುತ್ತದೆ. ಕೊನೆಗೆ ಅವಳು ಅಂಚಿಗೆ ಅರ ಕೊಟ್ಟು, ತನ್ನ ಉಗುರನ್ನು ಸವರಿ ತೋರಿಸಿದಳು. ಉಗುರಿನ ಪುಡಿ ಎದ್ದಿತು. ಈಳಿಗೆಮಣೆ ಹೀಗಿದ್ದರೆ ನನ್ನ ಅಮ್ಮ ಖುಷಿಪಡುತ್ತಿದ್ದರು.

ಆ ದಿನ ತಿರುವೇ ಹಾಕಲಿಲ್ಲ. ಅಂದರೆ ಮೊದಲರ್ಧ. ದಾರಿಗೆ ಅಡ್ಡವಾಗಿ, ಒಂದೇ ಅಂಚಿನ ಮೇಲೆ ಹೋಗುವುದು, ನಿಲ್ಲುವುದು, ಹಿಂತಿರುಗಿ ಗೀರು ನೋಡುವುದು. ಗೀರು ಅಗಲವಾಗಿದ್ದರೆ ಮತ್ತೆ. ಗೆಳೆಯನಿಗೆ ಬೇಜಾರಾಗಿ ಕಾಫಿಗೆ ಹೋದ. ಹಿಮ್ಮಡಿ ಕಡೆಯ ನಡುಕಕ್ಕೂ ಮದ್ದು ಸಿಕ್ಕಿತು. ನಾನು ಅಲ್ಲಿ ಊರಿನ ಹಳೇ ಪಾಯಿಖಾನೆಯಲ್ಲಿ ಕೂತ ಹಾಗೆ ಕುಂಡೆ ಹೊರಗೆ ಹಾಕಿ, ಎದೆ ಬಗ್ಗಿಸಿ ಕೂರುತ್ತಿದ್ದೆ. ಭಾರ ಎಲ್ಲ ಬೋರ್ಡಿನ ಹೊರಗೆ. ಈಗ ಎದೆ ಎತ್ತಿ, ಭುಜವನ್ನು ಹೋಗುವ ದಿಕ್ಕಿಗೆ ತಿರುಗಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತ ಹಾಗೆ ಕೂತೆ. ನಡುಕ ಪೂರ್ತಿ ನಿಲ್ಲಲಿಲ್ಲ, ಆದರೆ ಬೋರ್ಡ್ ಹಿಡಿಯಿತು. ಎಲ್ಲಿ ನೋಡುತ್ತೇವೋ ಅಲ್ಲಿಗೆ ಹೋಗುತ್ತೇವೆ. ಘಾಟಿಯಲ್ಲಿ ಬೈಕ್ ಓಡಿಸಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಮಧ್ಯಾಹ್ನದ ಮೇಲೆ ಹಿಮ ಕರಗಿ ಮುದ್ದೆಯಾಯಿತು, ಬಿಟ್ಟೆವು. ರಾತ್ರಿ ರಾಕ್ಲೆಟ್ ತಿಂದೆವು. ಕರಗಿದ ಚೀಸು, ಬೇಯಿಸಿದ ಆಲೂಗಡ್ಡೆ, ಉಪ್ಪಿನಕಾಯಿ ಸೌತೆ. ನಾನು ಜೇಬಿನಲ್ಲಿ ಚಟ್ನಿಪುಡಿ ತಂದಿದ್ದೆ. ಹೋಟೆಲಿನವರು ನೋಡಿ ನೋಡದ ಹಾಗೆ ಇದ್ದರು.

ಮೂರನೇ ದಿನ ಸೂರ್ಯ ಇನ್ನೂ ಬೆಟ್ಟದ ಹಿಂದೆ ಇದ್ದಾಗ ಮೇಲೆ ನಿಂತಿದ್ದೆ. ದಾರಿಯಲ್ಲಿ ಒಬ್ಬರೂ ಇಲ್ಲ. ಕಾಲ್ಬೆರಳ ಕಡೆ ವಾಲಿದೆ. ಹಿಂದೆ ಬೂಟು ತಾಗುತ್ತಿದ್ದ ಜಾಗ ಬಂತು, ಮೈ ತಾನಾಗಿ ಬಿಗಿಯಾಯಿತು. ಏನೂ ಆಗಲಿಲ್ಲ. ಇನ್ನೂ ವಾಲಿದೆ. ಕೈಗವಸಿಗೆ ಹಿಮ ತಾಗಿ ಸರ್ರಂತ ಸದ್ದಾಯಿತು, ಬೋರ್ಡ್ ಕೆಳಗೆ ಬುಸುಗುಡುತ್ತಾ ನನ್ನನ್ನು ಒಂದು ಸುತ್ತು ತಂದು ನಿಲ್ಲಿಸಿತು. ಮಲಗಿದೆ ಅಂತ ನನಗೆ ಅನ್ನಿಸಿತ್ತು. ಗೆಳೆಯನ ಫೋಟೋದಲ್ಲಿ ನೋಡಿದರೆ ಬಿದ್ದುಹೋದ ನಾಣ್ಯ ಹುಡುಕುವವನಷ್ಟು ಬಗ್ಗಿದ್ದೇನೆ. ಆದರೆ ಹಿಂದೆ ಹಿಮದಲ್ಲಿ ಗೀರು ಇದೆ, ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ, ಎರಡು ಕಡೆ ಎರಡು ಬಾಗು.

ಜೂರಿಕ್‌ಗೆ ಬಂದ ವಾರವೇ ಅಗಲ ಬೋರ್ಡ್ ಕೊಂಡೆ. ಬಣ್ಣ ಏನೂ ಚೆನ್ನಾಗಿಲ್ಲ, ಹಳಸಿದ ಪಲ್ಯದ ಹಾಗಿದೆ. ಹಳೆಯದು ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಕಟ್ಟುವ ಪಟ್ಟಿ) ಬದಲಿಸಿಕೊಂಡು ಗೆಳೆಯನ ಮನೆ ಸೇರಿದೆ. ಅವನ ಪಾದ 25 ಸೆಂಟಿಮೀಟರ್. "ಒಳ್ಳೇ ಬೋರ್ಡ್ ಮಾರಾಯ, ನಿನಗೇ ಓಡಿಸಲು ಬರುತ್ತಿರಲಿಲ್ಲ" ಅನ್ನುತ್ತಾನೆ.