ಅರವತ್ತು ದಾಟಿದ ಮೇಲೆ ವಾಚಿನ ಮಾತನ್ನು ಎಷ್ಟು ಕೇಳಬೇಕು?

ಕಬ್ಬನ್ ಪಾರ್ಕಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬೆಳಿಗ್ಗೆ ಆರಕ್ಕೆ ನಿಂತರೆ ಸಾಕು, ತಲೆ ನರೆತ ಓಟಗಾರರೊಬ್ಬರು ಮಣಿಕಟ್ಟು ಚಾಚಿ ಕೇಳುತ್ತಾರೆ: "ಸರ್, ರೇಸು ಹತ್ತು ಕಿಲೋಮೀಟರ್ ಅಂದ್ರು, ನನ್ನ ವಾಚು 10.2 ತೋರಿಸ್ತು. ಯಾವುದು ಸರಿ?" ಅದರ ಬೆನ್ನಿಗೇ ಇನ್ನೊಂದು: "ಮಾತಾಡ್ತಾ ಆರಾಮಾಗಿ ಓಡ್ತಿರ್ತೀನಿ, ವಾಚು ಮಾತ್ರ ಬಡಿತ ಕೆಂಪಿಗೆ ಹೋಯ್ತು ಅಂತ ಹೊಡ್ಕೊಳ್ಳುತ್ತೆ. ನಿಲ್ಲಿಸಬೇಕಾ?"

ಚಿಕ್ಕ ಉತ್ತರ: ವಾಚು ಹೇಳುವ ಸಮಯವನ್ನು ಪೂರ್ತಿ ನಂಬಿ. ದೂರವನ್ನು ಶೇಕಡ ಎರಡರಷ್ಟು ಹೆಚ್ಚುಕಡಿಮೆ ಇಟ್ಟುಕೊಂಡು ನಂಬಿ. ಹೃದಯ ಬಡಿತವನ್ನು ಕೈಯಾರೆ ಒಮ್ಮೆ ಪರೀಕ್ಷಿಸಿ ಆಮೇಲೆ ನಂಬಿ. ಉಳಿದ ಅಂಕಗಳನ್ನು, ಅಂದರೆ ಫಿಟ್‌ನೆಸ್ ವಯಸ್ಸು, ನಿದ್ರೆಯ ಸ್ಕೋರು, "ಇನ್ನು 36 ಗಂಟೆ ವಿಶ್ರಾಂತಿ" ಇತ್ಯಾದಿಗಳನ್ನು ಪೇಪರಿನ ರಾಶಿಫಲ ಓದಿದ ಹಾಗೆ ಓದಿ. ಮೊದಲಿನವು ಅಳತೆ, ಕೊನೆಯವು ಊಹೆ. ಊಹೆಯ ಲೆಕ್ಕವೆಲ್ಲ ಸರಾಸರಿ ಮನುಷ್ಯನ ಮೇಲೆ ನಿಂತಿರುತ್ತದೆ. ವಯಸ್ಸಾದಂತೆ ಒಬ್ಬರಿಗೂ ಇನ್ನೊಬ್ಬರಿಗೂ ಅಂತರ ಹೆಚ್ಚುವುದರಿಂದ ಆ ಸರಾಸರಿ ನಮಗೆ ಇನ್ನಷ್ಟು ದೂರ.

ಮೊದಲು ದೂರದ ಜಗಳ ತೀರಿಸೋಣ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ತರಹದ ಪ್ರಮಾಣೀಕೃತ ರೇಸಿನ ಹಾದಿಯನ್ನು ಜಿಪಿಎಸ್‌ನಿಂದ ಅಳೆಯುವುದಿಲ್ಲ, ಸೈಕಲ್ಲಿನಿಂದ ಅಳೆಯುತ್ತಾರೆ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಹಲ್ಲುಚಕ್ರದ ಎಣಿಕೆಯಂತ್ರ ಇರುತ್ತದೆ. ಉಕ್ಕಿನ ಟೇಪಿನಿಂದ ಅಳೆದ ಕನಿಷ್ಠ 300 ಮೀಟರಿನ ನೇರ ರಸ್ತೆಯಲ್ಲಿ ಸೈಕಲ್ಲನ್ನು ಹಲವು ಸಲ ಓಡಿಸಿ, ಅಷ್ಟು ದೂರಕ್ಕೆ ಎಷ್ಟು ಎಣಿಕೆ ಬರುತ್ತದೆಂದು ನೋಡಿಕೊಳ್ಳುತ್ತಾರೆ. ಬಿಸಿಲೇರಿದಂತೆ ಟೈರಿನ ಗಾಳಿ ಉಬ್ಬುತ್ತದೆ, ಎಣಿಕೆ ಬದಲಾಗುತ್ತದೆ. ಅದಕ್ಕೇ ಹಾದಿ ಅಳೆದು ಮುಗಿದ ಮೇಲೆ ಇನ್ನೊಮ್ಮೆ ಅದೇ ಪರೀಕ್ಷೆ. ಅಳೆಯುವುದು ರಸ್ತೆಯ ನಡುವೆ ಅಲ್ಲ, ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಓಡಲು ಸಾಧ್ಯವಿರುವ ಅತಿ ಚಿಕ್ಕ ದಾರಿಯಲ್ಲಿ. ಇದರ ಮೇಲೆ ಕಿಲೋಮೀಟರಿಗೆ ಒಂದು ಮೀಟರ್ ಬೇಕೆಂದೇ ಸೇರಿಸುತ್ತಾರೆ, ಹಾದಿ ಕಡಿಮೆಯಾಯಿತೆಂಬ ತಕರಾರು ಬರಬಾರದೆಂದು. ಹಾಗಾಗಿ ನಿಮ್ಮ 10 ಕಿ.ಮೀ. ಶುರುವಿನಲ್ಲೇ 10,010 ಮೀಟರ್.

ಇನ್ನು ನಾವು ಓಡುವ ರೀತಿ. ಮುಂದಿನವರನ್ನು ದಾಟುತ್ತ, ನೀರಿನ ಮೇಜಿನ ಕಡೆ ಹೋಗುತ್ತ, ತಿರುವುಗಳಲ್ಲಿ ಗುಂಪಿನ ಹೊರಮಗ್ಗುಲಲ್ಲಿ ಸಾಗುತ್ತೇವೆ. ಅಳೆದ ಗೆರೆಗಿಂತ ಮೂರು ಮೀಟರ್ ಹೊರಗೆ ಓಡಿದರೆ ಒಂದು ಲಂಬ ತಿರುವಿಗೆ 4.7 ಮೀಟರ್ ಹೆಚ್ಚು. ಅಂಥ ಇಪ್ಪತ್ತು ತಿರುವಿಗೆ 94 ಮೀಟರ್. ಯೂ-ಟರ್ನ್ ಆದರೆ ಒಂದಕ್ಕೇ 9.4. ಕೊನೆಗೆ ವಾಚಿನ ಪಾಲು: ಮರದ ಚಪ್ಪರದ ಕೆಳಗೆ, ಎತ್ತರದ ಕಟ್ಟಡಗಳ ಮಗ್ಗುಲಲ್ಲಿ, ಮೆಟ್ರೊ ಹಳಿಯ ಅಡಿಯಲ್ಲಿ ಉಪಗ್ರಹದ ಸಂಕೇತ ಮರೆಯಾಗುತ್ತದೆ, ಇಲ್ಲವೇ ಗೋಡೆಗೆ ಬಡಿದು ತಡವಾಗಿ ಬರುತ್ತದೆ. ವಾಚು ನಿಮ್ಮನ್ನು ಒಮ್ಮೆ ರಸ್ತೆಯ ಆ ಬದಿ, ಒಮ್ಮೆ ಈ ಬದಿ ಎಂದು ಗುರುತಿಸುತ್ತದೆ. ಆ ಅಂಕುಡೊಂಕು ಗೆರೆಯ ಉದ್ದವೂ ದೂರಕ್ಕೆ ಸೇರುತ್ತದೆ. ಎಲ್ಲ ಕೂಡಿದರೆ 200 ಮೀಟರ್ ದೊಡ್ಡ ಮಾತೇನಲ್ಲ. ರೇಸು ಸರಿ, ವಾಚೂ ಅದರ ಮಟ್ಟಿಗೆ ಸರಿ.

ಇದರಿಂದ ಆಗುವ ನಷ್ಟ ಮಾತ್ರ ನಿಜವಾದದ್ದು. 70 ನಿಮಿಷದಲ್ಲಿ ಮುಗಿಸಬೇಕೆಂದು ವಾಚಿನಲ್ಲಿ ಕಿಲೋಮೀಟರಿಗೆ 7:00 ಇಟ್ಟುಕೊಂಡು ಓಡಿದವರು, ವಾಚಿನ 10.2 ಕಿ.ಮೀ. ಲೆಕ್ಕದಲ್ಲಿ 71 ನಿಮಿಷ 24 ಸೆಕೆಂಡಿಗೆ ಮುಟ್ಟುತ್ತಾರೆ. ವಾಚಿನಲ್ಲಿ ಇಟ್ಟುಕೊಳ್ಳಬೇಕಾದದ್ದು 6:51. ಹಾಫ್ ಮ್ಯಾರಥಾನಿಗೂ (21.1 ಕಿ.ಮೀ.) ಇದೇ ಲೆಕ್ಕ: 2 ಗಂಟೆ 45 ನಿಮಿಷಕ್ಕೆ ಕಾಗದದ ಮೇಲೆ 7:49 ಬಂದರೂ, ವಾಚು 21.4 ತೋರಿಸೀತು ಎಂದುಕೊಂಡು 7:42ರ ಸುಮಾರಿಗೆ ಓಡಬೇಕು. ಇದಕ್ಕಿಂತ ಒಳ್ಳೆಯ ಉಪಾಯವೂ ಇದೆ. ಕಿಲೋಮೀಟರನ್ನು ವಾಚು ತಾನೇ ಗುರುತಿಸುವ ಆಟೊ ಲ್ಯಾಪ್ ಆಫ್ ಮಾಡಿ, ರಸ್ತೆಬದಿಯ ಕಿಲೋಮೀಟರ್ ಬೋರ್ಡು ಬಂದಾಗಲೆಲ್ಲ ನೀವೇ ಲ್ಯಾಪ್ ಗುಂಡಿ ಒತ್ತಿ. ಆಗ ವಾಚು ಬರೀ ಗಡಿಯಾರ, ದೂರ ಬೋರ್ಡಿನದು. ಒಂದೊಂದು ಬೋರ್ಡನ್ನು ಸ್ವಯಂಸೇವಕರು ಹತ್ತಿರದ ಕಂಬಕ್ಕೆ ಕಟ್ಟಿಬಿಟ್ಟಿರುತ್ತಾರೆ, ಒಂದು ಲ್ಯಾಪ್ 6:20, ಮುಂದಿನದು 7:30 ಬಂದರೆ ಗಾಬರಿ ಬೇಡ, ಎರಡನ್ನೂ ಕೂಡಿಸಿ ನೋಡಿ. ನೀವು ನಿಂತರೆ ಗಡಿಯಾರವನ್ನೂ ನಿಲ್ಲಿಸುವ ಆಟೊ ಪಾಸ್ (pause) ಅನ್ನೂ ಆಫ್ ಮಾಡಿಡಿ. ನೀರು ಕುಡಿಯಲು ನಿಂತ 40 ಸೆಕೆಂಡನ್ನು ವಾಚು ಮರೆತರೂ ಗೆರೆಯ ಮೇಲೆ ಹಾಸಿದ, ರೇಸಿನ ಸಮಯ ದಾಖಲಿಸುವ ಮ್ಯಾಟು ಮರೆಯುವುದಿಲ್ಲ.

ಊರಿನ ಚಿಕ್ಕ ರೇಸುಗಳ ಕಥೆ ಬೇರೆ. ಗಣರಾಜ್ಯೋತ್ಸವಕ್ಕೋ ಯಾವುದೋ ಸಂಘದ ಬೆಳ್ಳಿಹಬ್ಬಕ್ಕೋ ನಡೆಯುವ ಓಟದಲ್ಲಿ ದೂರವನ್ನು ಬೈಕಿನ ಮೀಟರಿನಿಂದಲೋ ಫೋನಿನ ಆ್ಯಪಿನಿಂದಲೋ ಅಳೆದಿರುತ್ತಾರೆ. ಅಲ್ಲಿ 10 ಎಂದರೆ 9.4 ಇದ್ದರೂ ಇದ್ದೀತು, 10.6 ಇದ್ದರೂ ಇದ್ದೀತು. ಅಂಥ ಕಡೆ ವಾಚಿನ ಮಾತೇ ಹೆಚ್ಚು ನಿಜ, "ಪರ್ಸನಲ್ ಬೆಸ್ಟ್" ಎಂದು ಗ್ರೂಪಿನಲ್ಲಿ ಹಾಕುವ ಮುನ್ನ ದೂರ ನೋಡಿಕೊಳ್ಳಿ. ವಾಚನ್ನೇ ಪರೀಕ್ಷಿಸಬೇಕೆಂದರೆ ಜಿಲ್ಲಾ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿಗೆ ಹೋಗಿ. ಒಳಗಿನ ಒಂದನೇ ಲೇನು 400 ಮೀಟರ್. ನಾಲ್ಕನೆಯದು ಸುಮಾರು 422, ಎಂಟನೆಯದು 453. ನಾಲ್ಕನೇ ಲೇನಿನಲ್ಲಿ ಹತ್ತು ಸುತ್ತು ಹಾಕಿ "ನಾಲ್ಕು ಕಿಲೋಮೀಟರಿಗೆ ವಾಚು 200 ಮೀಟರ್ ಜಾಸ್ತಿ ತೋರಿಸ್ತು" ಎಂದು ದೂರುವವರು ಅನೇಕರು. ಅಲ್ಲಿ ತಪ್ಪು ವಾಚಿನದಲ್ಲ. ವಾಚಿನಲ್ಲಿ ಟ್ರ್ಯಾಕ್ ಮೋಡ್ ಇದ್ದರೆ ಅದನ್ನೇ ಹಾಕಿ, ಲೇನ್ ಸಂಖ್ಯೆ ಕೊಡಿ. ಸಾಮಾನ್ಯ ಮೋಡಿನಲ್ಲಿ ಬಾಗುಗಳನ್ನು ವಾಚು ತಪ್ಪಾಗಿ ಅಳೆಯುತ್ತದೆ.

ಈಗ ಬಡಿತ. ಹಿರಿಯರ ಮಟ್ಟಿಗೆ ಗೊಂದಲವೂ ಭಯವೂ ಹೆಚ್ಚಿರುವುದು ಇಲ್ಲೇ.

ಹೊಸ ವಾಚಿನಲ್ಲಿ ಹುಟ್ಟಿದ ದಿನ ಹಾಕಿದ ಕೂಡಲೇ ಅದು 220ರಿಂದ ವಯಸ್ಸು ಕಳೆದು ನಿಮ್ಮ ಗರಿಷ್ಠ ಬಡಿತ ಇಷ್ಟು ಎಂದು ಬರೆದುಕೊಳ್ಳುವುದು ಸಾಮಾನ್ಯ. 62ರವರಿಗೆ 158. 2001ರಲ್ಲಿ ಬಂದ ತನಾಕ ಸೂತ್ರದ ಪ್ರಕಾರ, 208ರಿಂದ ವಯಸ್ಸಿನ 0.7 ಪಾಲು ಕಳೆದರೆ, ಅದೇ ವ್ಯಕ್ತಿಗೆ 165. ಎರಡೂ ಸರಾಸರಿಯೇ, ಆರೋಗ್ಯವಂತರಲ್ಲೂ ಇದರಿಂದ ಹತ್ತು ಬಡಿತ ಆಚೀಚೆ ಇರುವುದು ತೀರ ಸಾಮಾನ್ಯ. ನಿಮ್ಮ ನಿಜವಾದ ಗರಿಷ್ಠ 172 ಇದ್ದು ವಾಚು 158 ಎಂದುಕೊಂಡಿದ್ದರೆ, 145ರಲ್ಲಿ ಹಾಯಾಗಿ ಓಡುತ್ತಿರುವಾಗಲೂ ಅದಕ್ಕೆ ಕೆಂಪು ಕಾಣುತ್ತದೆ. "ಟಿಎಂಟಿ (ಆಸ್ಪತ್ರೆಯ ಟ್ರೆಡ್‌ಮಿಲ್ ಹೃದಯ ಪರೀಕ್ಷೆ) ಮಾಡಿಸಿದಾಗ 136 ಬಂತು, ಅದನ್ನೇ ಹಾಕಲೇ?" ಎಂದು ಕೇಳುವವರಿದ್ದಾರೆ. ಬೇಡ. ಲೆಕ್ಕದ ಗರಿಷ್ಠದ ಶೇಕಡ 85 ಮುಟ್ಟಿದ ಕೂಡಲೇ ಅನೇಕ ಕಡೆ ಟ್ರೆಡ್‌ಮಿಲ್ ನಿಲ್ಲಿಸುತ್ತಾರೆ, 62ಕ್ಕೆ ಅದು ಸುಮಾರು 134. ಅದು ಪರೀಕ್ಷೆ ನಿಂತ ಜಾಗ, ನಿಮ್ಮ ಮಿತಿ ಅಲ್ಲ.

ಹಾಗೆಂದು ಗರಿಷ್ಠ ಕಂಡುಹಿಡಿಯಲು ಒಬ್ಬರೇ ದಿಬ್ಬ ಹತ್ತಿ ಜೀವ ಹಿಂಡಿಕೊಳ್ಳುವುದು ಈ ವಯಸ್ಸಿಗೆ ಸಲ್ಲದ ಸಾಹಸ. ಉಲ್ಟಾ ದಾರಿ ಹಿಡಿಯಿರಿ. ತಂಪು ಹೊತ್ತಿನಲ್ಲಿ ಸಮತಟ್ಟು ದಾರಿಯಲ್ಲಿ ಅರ್ಧ ಗಂಟೆ ಓಡಿ. ಪೂರ್ತಿ ವಾಕ್ಯ ಉಸಿರು ಕಟ್ಟದೆ ಹೇಳಲು ಆಗುತ್ತಿದ್ದ ಕೊನೆಯ ಬಡಿತ ಎಷ್ಟು, ಮೂರು ನಾಲ್ಕು ಪದಕ್ಕೆ ಉಸಿರು ಎಳೆದುಕೊಳ್ಳಬೇಕಾದ ಬಡಿತ ಎಷ್ಟು, ಎರಡನ್ನು ಗುರುತು ಹಾಕಿ. ಮೂರು ನಾಲ್ಕು ದಿನ ನೋಡಿದರೆ ಅಂಕೆ ಒಂದು ಕಡೆ ನೆಲೆಗೊಳ್ಳುತ್ತದೆ. ವಾಚಿನ ಸೆಟ್ಟಿಂಗಿಗೆ ಹೋಗಿ ಸುಲಭ ಓಟದ ಮೇಲಿನ ಗಡಿಯನ್ನು ಮೊದಲ ಅಂಕೆಗೆ ತಂದಿಡಿ. ವಾರದ ಬಹುಪಾಲು ಓಟ ಅದರ ಕೆಳಗೇ ಇರಲಿ.

ಒಂದು ಎಚ್ಚರಿಕೆ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಡಿತ ಏರುವುದೇ ಕಡಿಮೆ. ಏದುಸಿರು ಬರುತ್ತಿದ್ದರೂ ವಾಚು 115 ಎಂದು ಹಸಿರು ತೋರಿಸುತ್ತಿರುತ್ತದೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಅದೇ ಗುಂಪಿನದು, ರಕ್ತಕ್ಕೆ ಸೇರಿ ಬಡಿತ ಇಳಿಸಬಲ್ಲದು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಇವರಿಗೆ ಯಾವ ಸೂತ್ರವೂ ಹೊಂದದು. ಮಾತಿನ ಪರೀಕ್ಷೆಯೇ ಗತಿ. ಓಟಕ್ಕಾಗಿ ಮಾತ್ರೆ ತಪ್ಪಿಸುವುದಂತೂ ಕೂಡದು. ಇನ್ನು ವಾಚಿನ ಇಸಿಜಿ: ಬಡಿತದ ತಾಳ ತಪ್ಪಿದೆಯೇ ಎಂದು ಅದು ನೋಡಬಲ್ಲದು, ಹೃದಯಾಘಾತವನ್ನು ಹಿಡಿಯಲಾರದು. ಎದೆ ಬಿಗಿದರೆ, ದವಡೆಗೋ ತೋಳಿಗೋ ನೋವು ಹರಿದರೆ, ತಲೆ ಹಗುರಾದರೆ ವಾಚು ನೋಡುತ್ತ ನಿಲ್ಲಬೇಡಿ, ಆಂಬುಲೆನ್ಸ್ ಕಡೆ ಕೈ ಎತ್ತಿ.

ಅಂಕೆಯೇ ತಪ್ಪಿರಬಹುದು. ಮಣಿಕಟ್ಟಿನ ಹಸಿರು ದೀಪ ಚರ್ಮದಡಿಯ ರಕ್ತದ ಏರಿಳಿತವನ್ನು ನೋಡುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಡಿಸೆಂಬರಿನ ಚಳಿಗೆ ಕೈಗೆ ರಕ್ತ ಕಡಿಮೆ ಹರಿಯುತ್ತಿದ್ದರೆ, ಅದು ರಕ್ತದ ಮಿಡಿತ ಬಿಟ್ಟು ಕೈ ಬೀಸುವ ತಾಳವನ್ನು ಹಿಡಿದುಬಿಡುತ್ತದೆ. ನಮ್ಮ ಹೆಜ್ಜೆ ನಿಮಿಷಕ್ಕೆ 160ರಿಂದ 170, ಬಡಿತವೂ 165! ಓಟ ಶುರುವಾಗಿ ಎರಡೇ ನಿಮಿಷಕ್ಕೆ ಬಡಿತ 165ಕ್ಕೆ ನೆಗೆದು ಅಲ್ಲೇ ಮೊಳೆ ಹೊಡೆದಂತೆ ನಿಂತಿದ್ದರೆ ಹೆಜ್ಜೆಯ ಅಂಕೆಯ ಜೊತೆ ತಾಳೆ ನೋಡಿ. ಅನುಮಾನವಿದ್ದರೆ ನಿಂತು, ಹೆಬ್ಬೆರಳ ಬುಡದಲ್ಲಿ ಎರಡು ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ, ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡರೆ ಅರ್ಧ ಸಮಸ್ಯೆ ಹೋಗುತ್ತದೆ. ಪೂರ್ತಿ ಹೋಗಬೇಕೆಂದರೆ ಎದೆಗೆ ಕಟ್ಟಿ ಬಡಿತ ಅಳೆಯುವ ಎದೆಪಟ್ಟಿ. ಅದರ ಒಳಬದಿಯನ್ನು ನೀರಲ್ಲಿ ಒದ್ದೆ ಮಾಡಿ ಕಟ್ಟಬೇಕು. ಒಣಗಿದ್ದರೆ, ಮೇಲೆ ಪಾಲಿಯೆಸ್ಟರ್ ಅಂಗಿ ಉಜ್ಜುತ್ತಿದ್ದರೆ ಮೊದಲ ನಿಮಿಷಗಳಲ್ಲಿ 200 ದಾಟಿದ ಅಂಕೆ ಬಂದು ಎದೆ ಝಲ್ಲೆನ್ನುತ್ತದೆ. ಓಡಿ ಬಂದ ಮೇಲೆ ಪಟ್ಟಿ ತೊಳೆಯಿರಿ, ಗುಂಡಿಯಂಥ ಭಾಗವನ್ನು ಪಟ್ಟಿಯಿಂದ ಬಿಡಿಸಿಡಿ, ಇಲ್ಲದಿದ್ದರೆ ಸೆಲ್ಲು ಬೇಗ ಮುಗಿಯುತ್ತದೆ.

ಬಾಕಿ ಅಂಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಒಟು ಮ್ಯಾಕ್ಸ್ (ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕ) ಎಂಬುದನ್ನು ವಾಚು ನಿಮ್ಮ ವೇಗ ಮತ್ತು ಬಡಿತ ತೂಗಿ ಲೆಕ್ಕ ಹಾಕುತ್ತದೆ. ಸೆಕೆ ಹೆಚ್ಚಿದರೆ ಅದೇ ವೇಗಕ್ಕೆ ಬಡಿತ ಹತ್ತು ಹದಿನೈದು ಏರುತ್ತದೆ, ಆದ್ದರಿಂದ ಏಪ್ರಿಲ್‌ನಲ್ಲಿ ಅಥವಾ ಮಗಳ ಮನೆಗೆಂದು ಮಂಗಳೂರಿಗೆ ಹೋದಾಗ ಬಾಣ ಕೆಳಗೆ ಬಾಗುತ್ತದೆ. ಕುಗ್ಗಿದ್ದು ನೀವಲ್ಲ, ಹವೆ ಬದಲಾಗಿದೆ. ಶ್ರೀರಂಗಪಟ್ಟಣದ ಬಳಿಯ ಕಾವೇರಿ ಟ್ರೇಲ್ ತರಹದ ಮಣ್ಣುಹಾದಿ ಓಟವಾದ ಮೇಲೂ ಹೀಗೇ. ನಿದ್ರೆಯ ವಿಷಯದಲ್ಲಿ, ಅಲುಗದೆ ಎಚ್ಚರವಾಗಿ ಬಿದ್ದುಕೊಂಡ ಹೊತ್ತನ್ನೂ ವಾಚು ನಿದ್ರೆಯ ಖಾತೆಗೆ ಹಾಕುತ್ತದೆ, ರಾತ್ರಿ ಎರಡು ಸಲ ಬಚ್ಚಲಿಗೆ ಎದ್ದು ಬರುವವರಿಗೆ ಇದು ಚೆನ್ನಾಗಿ ಗೊತ್ತು. "36 ಗಂಟೆ ವಿಶ್ರಾಂತಿ" ಎನ್ನುವಾಗ ಅದು ಕೇಳಿಸಿಕೊಂಡಿರುವುದು ಮುಖ್ಯವಾಗಿ ಹೃದಯದ ಮಾತನ್ನು. ಹಿಮ್ಮಡಿಯ ನರದ, ಮೀನಖಂಡದ ಮಾತು ಅದಕ್ಕೆ ಕೇಳಿಸದು. ಹಿರಿಯ ಓಟಗಾರರು ಹೆಚ್ಚಾಗಿ ನೋವು ಮಾಡಿಕೊಳ್ಳುವುದು ಅಲ್ಲೇ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಕುಂಟಿದರೆ ವಾಚು ಏನೇ ಹೇಳಲಿ, ಅಂದು ಓಟವಿಲ್ಲ. ಗಟ್ಟಿ ಓಟದ ನಂತರ ಎರಡು ದಿನ ಹಗುರ ಎಂಬುದು ಯಾವ ಲೆಕ್ಕಾಚಾರಕ್ಕಿಂತ ಒಳ್ಳೆಯ ನಿಯಮ.

ರೇಸಿನ ಹಿಂದಿನ ರಾತ್ರಿ ವಾಚನ್ನು ಫೋನಿಗೆ ಜೋಡಿಸಿ ಸಿಂಕ್ ಮಾಡಿ, ಉಪಗ್ರಹಗಳ ಹೊಸ ಪಟ್ಟಿ ಇಳಿದರೆ ಬೆಳಿಗ್ಗೆ ಜಿಪಿಎಸ್ ಬೇಗ ಹಿಡಿಯುತ್ತದೆ. ಸ್ಟಾರ್ಟಿಗೆ ಐದು ನಿಮಿಷ ಮೊದಲು, ಬಯಲಿನಲ್ಲಿ ನಿಂತು ಓಟದ ಮೋಡ್ ತೆರೆದಿಡಿ. ಪರದೆಯ ಮೇಲೆ ಆರು ಅಂಕೆ ತುಂಬಿಕೊಳ್ಳಬೇಡಿ. ಚಾಳೀಸು ಹಾಕಿಕೊಂಡು ಯಾರೂ ಓಡುವುದಿಲ್ಲವಲ್ಲ, ದೊಡ್ಡ ಅಕ್ಷರದ ಎರಡೇ ಸಾಕು: ಲ್ಯಾಪ್ ಸಮಯ, ಬಡಿತ. ಬೀಪ್ ಕೇಳಿಸದವರು ವೈಬ್ರೇಷನ್ ಹಾಕಿಕೊಳ್ಳಲಿ. ಬಿಬ್‌ಗೆ ಅಂದರೆ ಎದೆಯ ನಂಬರ್ ಚೀಟಿಗೆ ಅಂಟಿಸಿದ, ಸಮಯ ದಾಖಲಿಸುವ ಚಿಪ್ಪನ್ನು ಮಡಚಬಾರದು, ಮೇಲೆ ನೀರಿನ ಬೆಲ್ಟೋ ಫೋನೋ ಬರಬಾರದು; ನೀರೂ ಲೋಹವೂ ಆ ರೇಡಿಯೊ ಸಂಕೇತವನ್ನು ನುಂಗುತ್ತವೆ, ಮ್ಯಾಟು ದಾಟಿದರೂ ಫಲಿತಾಂಶದಲ್ಲಿ ಹೆಸರಿರುವುದಿಲ್ಲ. ಬಿಬ್ಬನ್ನು ಎದೆಯ ಮೇಲೆ ನಾಲ್ಕೂ ಮೂಲೆಗೆ ಪಿನ್ ಹಾಕಿ ಚಪ್ಪಟೆಯಾಗಿ ಇಡಿ.

ವಯೋಮಾನದ ಬಹುಮಾನದ ಮೇಲೆ ಕಣ್ಣಿದ್ದರೆ ನಿಯಮದಲ್ಲಿ ಎರಡು ಸಾಲು ಹುಡುಕಿ. ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ? ಸ್ಥಾನ ಗನ್ ಟೈಮಿಗೋ (ಓಟ ಶುರುವಿನ ಸಂಜ್ಞೆಯಿಂದ ಎಣಿಸಿದ ಸಮಯ) ಚಿಪ್ ಟೈಮಿಗೋ (ನೀವು ಸ್ಟಾರ್ಟ್ ಗೆರೆ ದಾಟಿದಾಗಿನಿಂದ ಎಣಿಸಿದ ಸಮಯ)? ಗನ್ ಟೈಮ್ ಎಂದಿದ್ದರೆ ಸಂಕೋಚ ಬಿಟ್ಟು ಮುಂದೆ ನಿಲ್ಲಬೇಕು. ಹಿಂದೆ ನಿಂತು ಗೆರೆ ಮುಟ್ಟಲು ಮೂರು ನಿಮಿಷ ಹಿಡಿದರೆ ಆ ಮೂರು ನಿಮಿಷವೂ ನಿಮ್ಮ ಲೆಕ್ಕಕ್ಕೇ. ಗುರುತಿನ ಚೀಟಿಯನ್ನು ಕೈಚೀಲದ ಕೌಂಟರಿನಲ್ಲಿ ಬಿಡದೆ ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗಿಟ್ಟುಕೊಳ್ಳಿ, ವೇದಿಕೆಯ ಬಳಿ ಅದನ್ನೇ ಕೇಳುತ್ತಾರೆ.

"ಹೋದ ವರ್ಷಕ್ಕಿಂತ ಅರ್ಧ ನಿಮಿಷ ನಿಧಾನ ಆಯ್ತಲ್ಲ" ಎಂಬ ಕೊರಗಿಗೂ ಲೆಕ್ಕವಿದೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇಕಡ ಒಂದರಷ್ಟು ವೇಗ ಇಳಿಯುವುದು ಸಹಜ; 10 ಕಿ.ಮೀ.ಗೆ 60 ನಿಮಿಷ ತೆಗೆದುಕೊಳ್ಳುವವರಿಗೆ ಅದು 36 ಸೆಕೆಂಡು. ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್‌ನ ಏಜ್ ಗ್ರೇಡಿಂಗ್ ಕೋಷ್ಟಕಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ವಯಸ್ಸು, ಲಿಂಗ, ದೂರ, ಚಿಪ್ ಟೈಮ್ ಕೊಟ್ಟರೆ ನಿಮ್ಮ ವಯಸ್ಸಿನ ಅತ್ಯುತ್ತಮ ಮಟ್ಟಕ್ಕೆ ನೀವು ಶೇಕಡ ಎಷ್ಟರಲ್ಲಿದ್ದೀರಿ ಎಂದು ಹೇಳುತ್ತವೆ. ಅರ್ಧ ನಿಮಿಷ ನಿಧಾನವಾದ ವರ್ಷದಲ್ಲೇ ಆ ಶೇಕಡಾವಾರು ಮೇಲೇರಿರುವುದೂ ಉಂಟು. ವಾಚಿನ 10.2 ಕಿ.ಮೀ. ಅದರಲ್ಲಿ ಹಾಕಬೇಡಿ, ಅಲ್ಲಿ ಹಾಕಬೇಕಾದದ್ದು ರೇಸಿನ 10.